ರೆಪ್ಪೆ ಎಳೆಯುವ ಅಕ್ಕ

ಕೊಟ್ಟೂರಿನಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದವಳು ಊರಿಗೆಲ್ಲ ಅಕ್ಕ; ಆಕೆಗೆ ನಮಸ್ಕಾರ ಮಾಡಿದರೆ ಮರುನಮಸ್ಕಾರ ಸಿಗುತ್ತಿರಲಿಲ್ಲ. "ಮ್ಯಾಲ ನೋಡ್ರಿ" ಎನ್ನುತ್ತ ಹೆಬ್ಬೆರಳಿನಿಂದ ನಮ್ಮ ಕೆಳರೆಪ್ಪೆ ಎಳೆದು, ಒಳಗೆ ಕೆಂಪಿದೆಯೋ ಬಿಳಿಚಿದೆಯೋ ಎಂದು ನೋಡುತ್ತಿದ್ದಳು. ಸಂತೆಯಲ್ಲೂ ಅಷ್ಟೇ, ಬಸ್ಸಿನಲ್ಲೂ ಅಷ್ಟೇ.

ನನ್ನ ಮದುವೆಯಲ್ಲಿ ಅಕ್ಷತೆ ಹಾಕಿದ ಅಕ್ಕನ ಕೈ ನೇರ ನನ್ನ ಕಣ್ಣಿಗೇ ಬಂತು. "ಮ್ಯಾಲ ನೋಡವ್ವಾ. ಅಯ್ಯ, ಈಕಿಗೆ ರಕ್ತನ ಇಲ್ಲಲ್ಲ!"

ಹರಪನಹಳ್ಳಿಯ ಬೀಗರೆಲ್ಲ ತಿರುಗಿದರು. ಅವ್ವನ ಮುಖ ಸಣ್ಣಗಾಯಿತು. "ಹುಡುಗಿಗೆ ಏನರ ಕಾಯ್ಲೆ ಐತೇನು?" ಎಂದು ಅತ್ತೆ ಮುಂದೆ ಬಂದರು. ಅಕ್ಕ ಇನ್ನೊಂದು ಹೆಬ್ಬೆರಳಿನಿಂದ ಅವರ ರೆಪ್ಪೆಯನ್ನೂ ಎಳೆದಳು. "ನಿಮ್ದು ಸೊಸಿಗಿಂತ ಬಿಳಿಚೈತಿ. ಇಬ್ರೂ ಕೂಡೇ ಬರ್ರಿ." ಫೋಟೊದವನು ಅದನ್ನೂ ತೆಗೆದ.

ಪರೀಕ್ಷೆಯಲ್ಲಿ ಇಬ್ಬರಿಗೂ ಹಿಮೋಗ್ಲೋಬಿನ್ ಕಡಿಮೆ, ಕೆಂಪು ಕಣಗಳೂ ಸಣ್ಣವು. "ಜೊಳ್ಳು ಜ್ವಾಳ ಇದ್ದಂಗ ಅದಾವ, ಕಬ್ಬಿಣ ಸಾಲ್ದು" ಎಂದಳು ಅಕ್ಕ. ಡಾಕ್ಟರು ಕಬ್ಬಿಣದ ಗುಳಿಗೆ ಬರೆದರು.

"ಇವನ್ನ ನಾನು ಮೊದ್ಲಿಂದ ನುಂಗಾಕತ್ತೀನಿ" ಎಂದರು ಅತ್ತೆ.

"ಯಾತ್ರಾಗ ನುಂಗ್ತೀರಿ?"

"ಬಿಸಿ ಚಾದಾಗ."

ಅಕ್ಕ ಹಣೆ ಬಡಿದುಕೊಂಡಳು. "ಚಾ ಕುಡಿದ್ರ ಕಬ್ಬಿಣ ಮೈಗೆ ಹತ್ತಂಗಿಲ್ರೀ! ನೀರಾಗ ನುಂಗ್ರಿ. ಚಾ ಆಮ್ಯಾಲೆ, ತಾಸೆರಡು ತಾಸು ಬಿಟ್ಟು."

ಅಕ್ಕ ಈಗ ಲ್ಯಾಬ್ ಮುಚ್ಚಿ ಮಗಳ ಊರಿಗೆ ಹೋಗಿದ್ದಾಳೆ. ಆ ಹೆಬ್ಬೆರಳು ಮಾತ್ರ ಅತ್ತೆಗೆ ಬಂದಿದೆ. ಗುಳಿಗೆ ನುಂಗಿದ ಕೂಡಲೇ ನಾನು ಚಹಾಕ್ಕೆ ಕೈ ಚಾಚಿದರೆ, "ಮ್ಯಾಲ ನೋಡು" ಎಂದು ನನ್ನ ರೆಪ್ಪೆ ಎಳೆಯುತ್ತಾರೆ. ನಾನು ಮೇಲೆ ನೋಡಿ ಕೆಳಗೆ ನೋಡುವಷ್ಟರಲ್ಲಿ ನನ್ನ ಚಹಾದ ಕಪ್ಪು ಅವರ ಕೈಯಲ್ಲಿ ಖಾಲಿಯಾಗಿರುತ್ತದೆ.