ಅಕ್ಕು ಅಕ್ಕನ ಹನ್ನೊಂದು ಡ್ರಾ

ಎರ್ಮಾಳಿನ ಅಕ್ಕು ಅಕ್ಕನ ಆಟ ನೋಡದವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಬೆಳಿಗ್ಗೆ ಕಾಪು ಮಾರ್ಕೆಟಿನಲ್ಲಿ ಬಂಗುಡೆ ಮೀನು ಮಾರುತ್ತಾರೆ, ಮಧ್ಯಾಹ್ನ ಮಿಂದು ಉಂಡು ಫೋನಿನಲ್ಲಿ ಚೆಸ್ಸಿಗೆ ಕೂರುತ್ತಾರೆ. ವಯಸ್ಸು ಐವತ್ತೆರಡು. ಆಟ ಕಲಿಸಿದ್ದು ಅಪ್ಪ ಮುದ್ದಣ್ಣ, ಕಡಲ ಬದಿಯ ದೋಣಿ ಚಪ್ಪರದಲ್ಲಿ.

ಈ ಸಲ ಬನ್ನಂಜೆಯ ಒಂದು ಚೆಸ್ ಕ್ಲಬ್ಬಿನ ಆನ್‌ಲೈನ್ ಲೀಗ್ ತಂಡದಲ್ಲಿ ಒಂದೇ ಜಾಗ ಖಾಲಿ. ಅದಕ್ಕಾಗಿ ಅಕ್ಕನಿಗೂ ಮಣಿಪಾಲದ ಕಾಲೇಜು ಹುಡುಗ ಚಿನ್ಮಯನಿಗೂ ಎರಡು ಆಟ. ಸಮ ಬಂದರೆ ಜಾಗ ಅವನಿಗೆ, ಹೋದ ವರ್ಷ ಆಡಿದವನು ಅಂತ.

ಮೊದಲ ಆಟದ ಕೊನೆಗೆ ಅವನ ಕಡೆ ಉಳಿದದ್ದು ರಾಜ ಒಬ್ಬನೇ. ಅಕ್ಕ ಅವನನ್ನು ಮೂಲೆಗೆ ಅಟ್ಟಿ, ಸುತ್ತಲಿನ ಮೂರು ಮನೆಗಳನ್ನೂ ರಾಣಿಯಿಂದ ಮುಚ್ಚಿ, ಚೆಕ್ ಕೊಡದೆಯೇ ಚಪ್ಪಾಳೆ ತಟ್ಟಿದರು. ಮುದ್ದಣ್ಣನ ಕಾನೂನಿನಲ್ಲಿ ಅಲ್ಲಾಡಲಾಗದ ರಾಜ ಸೋತ ರಾಜ. ಫೋನ್ ಮಾತ್ರ ಡ್ರಾ ಅಂತ ತೋರಿಸಿತು!

ಅಕ್ಕ ಕ್ಲಬ್ಬಿನ ಕಾರ್ಯದರ್ಶಿ ಜಿತೇಶನಿಗೆ ಕರೆ ಮಾಡಿದರು.

“ಅವನಿಗೆ ಹೋಗ್ಲಿಕ್ಕೆ ಜಾಗವೇ ಇಲ್ಲ. ಮತ್ತೆ ಎಂತದ್ದು ಡ್ರಾ?”

“ಚೆಕ್ ಇಲ್ಲದೆ ಕಟ್ಟಿ ಹಾಕಿದ್ರೆ ಡ್ರಾ ಅಕ್ಕ. ಇಡೀ ಲೋಕದ ರೂಲ್ಸ್ ಅದು.”

“ಲೋಕದವರು ಎರ್ಮಾಳಿಗೆ ಬಂದು ಕೇಳಿದ್ದಾರಾ?”

“ನೀವು ಸುಮ್ಮನೆ ಖುಷಿಗೆ ಆಡಿ ಮಾರಾಯ್ರೆ. ಲೀಗ್ ಎಲ್ಲ ಕಷ್ಟ ಉಂಟು.”

ಆ ‘ಸುಮ್ಮನೆ ಖುಷಿಗೆ’ ಸರಿಯಾಗಿ ತಾಗಿತು. ಅಕ್ಕ ಹಳೆಯ ಆಟಗಳನ್ನೆಲ್ಲ ತೆಗೆದು ನೋಡಿದರು. ಹೀಗೆಯೇ ಕೈತಪ್ಪಿದ ಗೆಲುವುಗಳು ಹನ್ನೊಂದು! ಇಷ್ಟು ದಿನ ಫೋನೇ ಹಾಳು ಅಂದುಕೊಂಡಿದ್ದರು.

ವಾರವಿಡೀ ಅದೊಂದನ್ನೇ ಅಭ್ಯಾಸ ಮಾಡಿದರು. ರಾಣಿ ಸ್ವಲ್ಪ ದೂರ ನಿಲ್ಲಬೇಕು, ಎದುರಾಳಿ ರಾಜನಿಗೆ ಓಡಾಡಲು ಒಂದು ಮನೆ ಬಿಡಬೇಕು, ಅಷ್ಟರಲ್ಲಿ ತನ್ನ ರಾಜ ಹತ್ತಿರ ಬರಬೇಕು. ಹಿಡಿದವನನ್ನು ಬಿಡಲು ಅಕ್ಕನ ಬೆರಳೇ ಒಪ್ಪುತ್ತಿರಲಿಲ್ಲ. ಆದರೂ ಬಿಟ್ಟರು, ನೂರು ಸಲ.

ಭಾನುವಾರ ಎರಡನೇ ಆಟ. ಚಿನ್ಮಯನ ಬಳಿ ಮತ್ತೆ ರಾಜ ಒಬ್ಬನೇ. ಅವನು ಬೇಕೆಂದೇ ಮೂಲೆಗೆ ಓಡಿ ಚಾಟಿನಲ್ಲಿ ಬರೆದ: “ಬನ್ನಿ ಅಕ್ಕ, ಕಟ್ಟಿ ಹಾಕಿ!”

“ಅಲ್ಲೇ ಕೂತ್ಕೋ ಮಗ, ಬಂದೆ.”

ರಾಣಿ ದೂರವೇ ನಿಂತಳು. ಬಿಟ್ಟ ಒಂದು ಮನೆಗೆ ಅವನ ರಾಜ ಹೋದ, ಬಂದ, ಮತ್ತೆ ಹೋದ. ಅಕ್ಕನ ರಾಜ ಒಂದೊಂದೇ ಹೆಜ್ಜೆ ಮೇಲೆ ಬಂದ. ಕೊನೆಗೆ ರಾಣಿ ಚಿನ್ಮಯನ ರಾಜನ ಎದುರೇ ಬಂದು ನಿಂತಳು. ಚೆಕ್‌ಮೇಟ್!

ಜಿತೇಶನೇ ಕರೆ ಮಾಡಿದ. “ಜಾಗ ನಿಮ್ಮದೇ ಅಕ್ಕ. ಈಗ ರೂಲ್ಸ್ ಒಪ್ಪಿದ್ರಿ ಅಲ್ವಾ?”

“ಕಲ್ತೆ. ಒಪ್ಪಲಿಲ್ಲ. ಲೀಗ್ ಯಾವಾಗ ಶುರು, ಅದು ಹೇಳು ಮಾರಾಯ.”