ಅಳದ ಮಗಳ ಕೂಗು

ಬೆಳಿಗ್ಗೆ ಮಾನಂತವಾಡಿ ಬಸ್ಸಿನಲ್ಲಿ ಪಕ್ಕದ ಸೀಟಿನಾಕೆ ಮಗುವಿಗೆ ಗುಲಾಬಿ ಬಣ್ಣದ ನೋವಿನ ಔಷಧಿ ಕುಡಿಸುತ್ತಿದ್ದಳು. ಮುಚ್ಚಳ ತೆಗೆದದ್ದೇ ತಡ, ಆ ಸಿಹಿ ವಾಸನೆಗೆ ನಾನು ಮುಖವನ್ನು ಕಿಟಕಿಯತ್ತ ತಿರುಗಿಸಿದೆ. ಏಕೆಂದು ಹೇಳುತ್ತೇನೆ, ನಗುವುದಾದರೆ ಪೂರ್ತಿ ಕೇಳಿ ನಗಿ.

ನನ್ನ ಮಗಳು ಪುಟ್ಟಿಗೆ ಆಗ ಆರು ವರ್ಷ. ಟಾನ್ಸಿಲ್ ತೆಗೆಸಿ ಕಾಡಂಚಿನ ಬೇಗೂರಿನ ಮನೆಗೆ ಕರೆತಂದಿದ್ದೆವು. ನೋವು ಏರುವವರೆಗೆ ಕಾಯಬೇಡಿ, ಹೇಳಿದ ಹೊತ್ತಿಗೆ ಔಷಧಿ ಕೊಡಿ, ನೀರು ಕುಡಿಸುತ್ತಲೇ ಇರಿ, ಕುಡಿಯದಿದ್ದರೆ ವಾಪಸ್ ಕರೆತನ್ನಿ ಎಂದು ನರ್ಸ್ ಮಲಯಾಳದಲ್ಲಿ ಬಿಡಿಸಿ ಹೇಳಿದ್ದಳು. ನಾನು ಟೀಚರ್, ಹೇಳುವುದು ಅಭ್ಯಾಸ, ಕೇಳಿಸಿಕೊಳ್ಳುವುದು ಅಷ್ಟಕ್ಕಷ್ಟೆ.

ಮನೆಯಲ್ಲಿ ನಡೆದದ್ದು ಅತ್ತೆಯ ಮಾತು. "ಕೂಸು ಅಳೋದಿಲ್ಲ, ಕೊಸರೋದಿಲ್ಲ. ನೋವಿಲ್ದೋರಿಗೆ ಮರುಂದು ಯಾಕಮ್ಮ?" ಪುಟ್ಟಿ ನಿಜಕ್ಕೂ ಅಳಲಿಲ್ಲ. ತುಟಿ ಬಿಗಿದು ಗೋಡೆ ನೋಡುತ್ತಾ ಕೂತಳು. ಔಷಧಿಯ ಹೊತ್ತು ಮೀರಿತು, ನೀರೂ ಒಳಗಿಳಿಯಲಿಲ್ಲ. ಎಂಜಲನ್ನೂ ನುಂಗದೆ ಟವಲಿಗೆ ಬಿಡುತ್ತಿದ್ದಳು. ಸಂಜೆಯಾಗುವಷ್ಟರಲ್ಲಿ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕತ್ತಲಾದರೆ ಆನೆಗಳು ರಸ್ತೆಗಿಳಿಯುತ್ತವೆ. ಆಸ್ಪತ್ರೆಗೆ ಹೋಗುವುದು ಹೇಗೆ? ಅವಳನ್ನು ಮಡಿಲಿಗೆ ಎಳೆದುಕೊಂಡು ಕೂತೆ.

ನಮ್ಮ ಕಡೆ ಮುಸ್ಸಂಜೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕಾಡು ಹೆಸರು ಕಲಿತುಬಿಡುತ್ತದಂತೆ. ಹೊರಗಿಂದ ಬರುವವರು "ಕೂ" ಎನ್ನಬೇಕು, ಒಳಗಿದ್ದವರು "ಕೂ" ಎಂದು ಓಗೊಡಬೇಕು. ಅಂದು ನನ್ನ ಗಂಡ ಗದ್ದೆಯ ಬದುವಿನಿಂದ "ಕೂ" ಎಂದರು. ದಿನಾ ಓಗೊಡುತ್ತಿದ್ದವಳು ಪುಟ್ಟಿ. ಅಂದೂ ಅವಳ ದನಿಯೇ ಓಗೊಟ್ಟಿತು, ಹಿತ್ತಲಾಚೆಯ ಬಿದಿರಿನೊಳಗಿಂದ. ಪುಟ್ಟಿ ನನ್ನ ಮಡಿಲಲ್ಲಿದ್ದಳು, ಬಾಯಿ ಮುಚ್ಚಿಕೊಂಡೇ.

ಗಂಡ ನಗುತ್ತಾ ಒಳಗೆ ಬಂದರು. "ಮೋಳು ಜೋರಾಗೇ ಕೂಗ್ತಾಳಲ್ಲ, ಹಿತ್ತಲಲ್ಲಿ ಏನ್ ಮಾಡ್ತಾಳೆ?" ಮಡಿಲಲ್ಲಿದ್ದ ಮಗಳನ್ನು ಕಂಡು ನಗು ನಿಂತಿತು.

ಅತ್ತೆಯ ಮುಖ ಬಿಳಿಚಿಕೊಂಡಿತು. "ಒಳಗೆ ಅಳೋಕಾಗ್ದೆ ನೋವು ಹೊರಗೆ ಹೋಗಿ ಕೂಗ್ತದೆ. ಮರುಂದು ಕೊಡು, ಬೇಗ" ಎಂದು ಬಾಟಲಿಯ ಮುಚ್ಚಳವನ್ನು ತಾವೇ ತಿರುಗಿಸಿದರು. ಪುಟ್ಟಿ ಬಿದಿರಿನತ್ತ ನೋಡುತ್ತಲೇ ಬಾಯಿ ತೆರೆದಳು. ಸ್ವಲ್ಪ ಹೊತ್ತಿನಲ್ಲಿ ತಣ್ಣಗಿನ ಗಂಜಿನೀರು ಚಮಚ ಚಮಚವಾಗಿ ಇಳಿಯಿತು. ಆಮೇಲೆ ಔಷಧಿಯ ಹೊತ್ತು ತಪ್ಪಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಗಾಯ ಮಾಗಿ ಮಾತು ಬಂದಾಗ ಅವಳ ದನಿ ಬದಲಾಗಿತ್ತು, ತುಸು ದಪ್ಪವಾಗಿತ್ತು. ಟಾನ್ಸಿಲ್ ತೆಗೆದರೆ ಕೆಲವರಿಗೆ ಹಾಗಾಗುತ್ತದೆ ಎಂದರು ಡಾಕ್ಟರು. ಹಳೆಯ ದನಿ ಎಲ್ಲಿ ಉಳಿಯಿತೆಂದು ನಾನು ಅವರನ್ನು ಕೇಳಲಿಲ್ಲ.

ಈಗ ಅವಳು ಕಾಲೇಜಿನಿಂದ ಬರುವಾಗ ಗದ್ದೆಯಾಚೆಯಿಂದ "ಕೂ" ಎನ್ನುತ್ತಾಳೆ. ಬಿದಿರು ಓಗೊಟ್ಟೀತೆಂಬ ಭಯಕ್ಕೆ ಇಷ್ಟು ವರ್ಷ ನಾನೇ ಮೊದಲು ಓಗೊಡುತ್ತಿದ್ದೆ. ಇವತ್ತು ಸಂಜೆ ಮಾತ್ರ ಬಾಯಿ ಮುಚ್ಚಿ ಹಿತ್ತಲ ಬಾಗಿಲಲ್ಲಿ ನಿಂತೆ. ಹೆದರಿಕೆಯಾಯಿತು, ನಿಜ. ಆದರೂ ನನ್ನ ಆರು ವರ್ಷದ ಮಗಳ ದನಿಯನ್ನು ಇನ್ನೊಂದೇ ಒಂದು ಸಲ ಕೇಳಬೇಕೆನಿಸಿತು.