ಕುಕ್ಕರುಗಾಲಲ್ಲಿ ಕೂತಾಗ ಕಂಡದ್ದು

ಇಲ್ಲ, ಅದು ಅವಳ ಮೂರನೆಯ ಭೇಟಿಯಾಗಿರಲಾರದು, ಎರಡನೆಯದೇ ಇರಬೇಕು. ಇಷ್ಟು ವರ್ಷ ಮೂರು ಎಂದೇ ಹೇಳುತ್ತ ಬಂದಿದ್ದೇನೆ, ಮೂರಾದರೆ ಕಥೆಗೊಂದು ಅಂದ ಬರುತ್ತದೆ. ಹಾಗೆ ಅಂದವಾಗಿ ಕೂತ ನೆನಪನ್ನು ನಾನು ನಂಬುವುದಿಲ್ಲ. ನಂಬಬಹುದಾದದ್ದು ಇಷ್ಟು: ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಹಿರಿಯೂರು ತಾಲ್ಲೂಕಿನಲ್ಲಿ ಧರ್ಮಪುರದ ಕಡೆಯ ಒಂದು ಸಣ್ಣ ಆಸ್ಪತ್ರೆ, ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಕಾಲ. ನಾನು ಅಲ್ಲಿ ವೈದ್ಯೆ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

ಅವಳು ಹನುಮಕ್ಕ. ಕುರಿ ಸಾಕುವ ಮನೆಯ ಸೊಸೆ, ಮೂವತ್ತೈದರ ಆಸುಪಾಸು, ನಾಲ್ಕು ಹೆರಿಗೆಯಾಗಿತ್ತು. ಮೊದಲ ಸಲ ಬಂದಾಗ ಸೊಂಟನೋವು, ಕೆಳಗೆ ಭಾರ ಎಂದಿದ್ದಳು. ಮೇಜಿನ ಮೇಲೆ ಮಲಗಿಸಿ ಪರೀಕ್ಷಿಸಿದೆ. ಏನೂ ಕಾಣಲಿಲ್ಲ. ‘ಏನಿಲ್ಲ, ನಿಶ್ಶಕ್ತಿ’ ಎಂದು ಕಬ್ಬಿಣಾಂಶದ ಮಾತ್ರೆ ಬರೆದು ಕಳಿಸಿದೆ.

ಈ ಸಲ ಅವಳ ಅತ್ತೆ ಚಿತ್ತಮ್ಮನೂ ಬಂದಿದ್ದಳು. ಸುತ್ತಿನ ಹಟ್ಟಿಗಳಲ್ಲಿ ಯಾರ ಕುರಿಗೆ ಏನಾದರೂ ಕರೆಯುವುದು ಇವಳನ್ನೇ. ಬಾಗಿಲು ದಾಟುವ ಮೊದಲೇ ಶುರು ಮಾಡಿದಳು.

“ಡಾಕ್ಟ್ರಮ್ಮ, ಇವತ್ತು ಒಂದು ತೀರ್ಮಾನ ಹೇಳ್ರಿ. ಕಳೆಗೆ ಬಾ ಅಂದ್ರೆ ಸೊಂಟ, ನೀರಿಗೆ ಹೋಗು ಅಂದ್ರೆ ಹೊಟ್ಟೆ. ಏನಿಲ್ಲ ಅಂದ್ರೆ ಇಲ್ಲಿಂದ್ಲೇ ಬಸ್ಸು ಹತ್ತಿಸಿ ತವರಿಗೆ ಕಳಿಸ್ತೀನಿ. ನನ್ನ ಮಗನಿಗೂ ಹೇಳೇ ಬಂದೀನಿ.”

ಹನುಮಕ್ಕ ತಾನೇ ಮೇಜು ಹತ್ತಿದಳು. ಮತ್ತೆ ಮಲಗಿಸಿದೆ. ಮತ್ತೆ ಏನೂ ಇಲ್ಲ! ನನ್ನ ಮುಖ ನೋಡಿಯೇ ಚಿತ್ತಮ್ಮ ಗೆದ್ದವಳಂತೆ ತಲೆಯಾಡಿಸಿದಳು.

“ನಾನೂ ನೋಡೀನಿ ಕಣ್ರಿ ಮನೇಲಿ. ಕುರಿಗೆ ಹಿಂದಿನಿಂದ ಮೈ ಹೊರಗೆ ಬರೋದು ಎಷ್ಟು ನೋಡಿಲ್ಲ? ಮಲಗಿದಾಗ ತಾನೇ ಕಾಣ್ತೈತೆ. ಇವಳನ್ನ ಮಲಗಿಸಿ ನೋಡಿದೆ. ಸುಳ್ಳಿ!”

ಆಗ ಹನುಮಕ್ಕ ಮೇಜಿನಿಂದ ದಡಕ್ಕನೆ ಎದ್ದು ಕೂತಳು.

“ಅತ್ತೇ, ಮರಿ ತುಂಬಿದ ಕುರಿಗೆ ಮಲಗಿದ್ರೆ ಬರ್ತೈತೆ, ನಿಂತ್ರೆ ಒಳಕ್ಕೆ ಹೋಗ್ತೈತೆ. ನನಗೆ ತಿರುಗಾಮುರುಗಾ! ನೀವೂ ಮಲಗ್ಸಿದ್ರಿ, ಈಯಮ್ಮನೂ ಮಲಗ್ಸಿದ್ರು. ನಾನೇನು ಕುರಿನಾ?”

ನಾನು ಓದಿದ್ದ ಪುಸ್ತಕ ಅದನ್ನೇ ಹೇಳಿತ್ತು: ಗರ್ಭಕೋಶವನ್ನು ಹಿಡಿದಿಡುವ ಸ್ನಾಯುಗಳು ಹೆರಿಗೆಯಿಂದ, ಭಾರ ಹೊರುವುದರಿಂದ ಸಡಿಲಗೊಂಡರೆ ಅದು ಕೆಳಕ್ಕೆ ಜಾರುತ್ತದೆ. ಇದು ಪ್ರೊಲ್ಯಾಪ್ಸ್. ಮಲಗಿದಾಗ ಎಷ್ಟೋ ಸಲ ತಾನಾಗಿ ಒಳಗೆ ಸರಿದುಬಿಡುತ್ತದೆ. ಮೇಲಾಗಿ, ಕೇಳಿದಾಗ ತಿಳಿಯಿತು, ಡಾಕ್ಟರ ಮುಂದೆ ಹೋಗಬೇಕಲ್ಲ ಎಂಬ ನಾಚಿಕೆಗೆ ಅವಳು ಮನೆಯಲ್ಲೇ ತೊಳೆದು, ಒಳಗೆ ತಳ್ಳಿ, ಬಟ್ಟೆ ಬಿಗಿದುಕೊಂಡು ಬಂದಿದ್ದಳು. ಎರಡೂ ಸಲ.

“ಇಳೀರಿ ಕೆಳಗೆ. ಕಳೆ ಕೀಳೋವಾಗ ಹೆಂಗೆ ಕುಂತ್ಕಂತೀರೋ ಹಂಗೇ ಕುಂತ್ಕಳ್ರಿ. ಜೋರಾಗಿ ಕೆಮ್ಮಿ.”

ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಒಂದು ಕೆಮ್ಮು, ಎರಡು. ಇಳಿಯಿತು! ಗರ್ಭಕೋಶದ ಕುತ್ತಿಗೆ, ಸೀಬೆಕಾಯಿಯಷ್ಟು, ಕೆಂಪಗೆ, ಒಂದು ಬದಿಗೆ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಅಂಥ ನೋವನ್ನು ಕಂಡು ಖುಷಿಪಟ್ಟೆ ಎಂದು ಬರೆಯಲು ಈಗಲೂ ಸಂಕೋಚ. ಆದರೆ ಖುಷಿಪಟ್ಟೆ, “ಐತೆ, ಐತೆ!” ಎಂದು ಕೂಗಿಯೂಬಿಟ್ಟೆ. ಹನುಮಕ್ಕ ಅಳುತ್ತ ನಗುತ್ತಿದ್ದಳು. ಅವಳನ್ನು ಕೇಳಿಯೇ ಅತ್ತೆಗೂ ತೋರಿಸಿದೆ.

ಚಿತ್ತಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ನೆನಪು, ಅಥವಾ ನನಗೆ ಹಾಗನ್ನಿಸಿತೋ. “ಥೂ, ಇಷ್ಟು ದೊಡ್ಡದು ಇಟ್ಕಂಡು ಹೊಲಕ್ಕೆ ಬರ್ತಿದ್ದೇನಲೇ ಹನುಮಿ?” ಎಂದಳು.

“ಹೇಳಿದ್ನಲ್ಲತ್ತೇ, ಎಷ್ಟು ಸಲ.”

ಹುಣ್ಣು ಮಾಯುವವರೆಗೆ ಅದನ್ನು ಒಳಗೆ ಸರಿಸಿ, ದಿನವೂ ಔಷಧಿಯಲ್ಲಿ ಅದ್ದಿದ ಬಟ್ಟೆಯ ಪಟ್ಟಿ ಇಟ್ಟೆವು. ರಿಂಗ್ ಪೆಸರಿ, ಅಂದರೆ ಗರ್ಭಕೋಶಕ್ಕೆ ಆಸರೆಯಾಗಿ ಒಳಗೆ ಕೂರಿಸುವ ಬಳೆಯಂಥ ಸಾಧನವನ್ನೂ ತೋರಿಸಿದೆ. ಅದನ್ನು ಆಗಾಗ ತೆಗೆದು ತೊಳೆಯಬೇಕು ಎಂದದ್ದಕ್ಕೆ ಹನುಮಕ್ಕ, “ಒಂದೇ ಸಲ ಮುಗಿಸ್ರಿ, ಮಕ್ಕಳು ಸಾಕು” ಎಂದಳು. ಚಿತ್ರದುರ್ಗದಲ್ಲಿ ಆಪರೇಷನ್ ಆಯಿತು. ಗರ್ಭಕೋಶ ತೆಗೆದು, ಸಡಿಲಗೊಂಡ ಗೋಡೆಗಳನ್ನು ಬಿಗಿಗೊಳಿಸಿದರು. ಕೆಲವು ವಾರದ ಮೇಲೆ ಬಂದು, ನಾನು ಹೇಳುವ ಮೊದಲೇ ನೆಲದಲ್ಲಿ ಕೂತು ಕೆಮ್ಮಿದಳು. ಏನೂ ಇಳಿಯಲಿಲ್ಲ. ಕೊಡ ಎತ್ತಬೇಡ ಎಂದರೆ, “ಅತ್ತೇನೇ ಹೊರ್ತಾರೆ, ಬೈಕಂಡು” ಎಂದಳು.

ಅಂದಿನಿಂದ ‘ಕೆಳಗೆ ಭಾರ’ ಎಂದ ಪ್ರತಿ ಹೆಂಗಸನ್ನೂ ನಿಲ್ಲಿಸಿ, ಕೂರಿಸಿ, ಕೆಮ್ಮಿಸಿ ನೋಡಿದೆ. ಎಷ್ಟೋ ಜನರಲ್ಲಿ ಸಿಕ್ಕಿತು. ರೋಗಿ ಹೇಳಿದ್ದು ನಮಗೆ ಕಾಣದಿದ್ದರೆ ಮೊದಲು ನಾವು ನೋಡಿದ ರೀತಿಯನ್ನು ಅನುಮಾನಿಸಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು.

ಆದರೆ ಅದಕ್ಕೂ ಮೊದಲಿನ ಎರಡು ವರ್ಷ ನಾನು ಎಲ್ಲರನ್ನೂ ಮಲಗಿಸಿಯೇ ನೋಡಿದ್ದೆ. ಅವರಲ್ಲಿ ಎಷ್ಟು ಜನ ನನ್ನ ಮಾತ್ರೆಚೀಟಿ ಹಿಡಿದು ಸುಳ್ಳಿಯರಾಗಿ ಮನೆಗೆ ಹೋದರೋ, ಯಾರನ್ನು ತವರಿಗೆ ಕಳಿಸಿದರೋ, ನನಗೆ ಗೊತ್ತಿಲ್ಲ.